ಮಾ ಸೋಮ್ ಹಿಂದಿರುಗಿಸಿದ ಕಠಾರಿಗಳು

ನಮ್ಮ ಗೆಲಾಮ್ ಹಳ್ಳಿಗೆ ಮೊಹರಂ ತಿಂಗಳು ಬಂತೆಂದು ಗೊತ್ತಾಗುತ್ತಿದ್ದದ್ದೇ ಮಾ ಸೋಮ್‌ಳ ಮನೆ ಕಡೆಯಿಂದ ಗಾಳಿ ಬೀಸಿದಾಗ. ನಿಂಬೆಹುಳಿ, ಹುಳಿತ ಎಳನೀರು, ತುಕ್ಕು, ಇವೆಲ್ಲದರ ಮೇಲೆ ಸಾಂಬ್ರಾಣಿ ಹೊಗೆ. ಆ ವಾಸನೆ ಮೂಗಿಗೆ ಬಿತ್ತೆಂದರೆ ಊರ ಗಂಡಸರು ಮನೆಯಲ್ಲಿದ್ದ ಕೆರಿಸ್ ಕಠಾರಿಯನ್ನು ಹಳದಿ ಬಟ್ಟೆಯಲ್ಲಿ ಸುತ್ತಿಕೊಂಡು ಅವಳ ಮೆಟ್ಟಿಲ ಹತ್ತಿರ ಬಂದು ನಿಲ್ಲುತ್ತಿದ್ದರು. ತೊಳೆಸಿಕೊಂಡು ಹೋಗಲು ಬರುತ್ತಿದ್ದವರು ಕೆಲವರು. ಬಿಟ್ಟು ಹೋಗಲು ಬರುತ್ತಿದ್ದವರೇ ಹೆಚ್ಚು.

ಅವಳ ಪೂರ್ತಿ ಹೆಸರು ಕೆಲ್ಸೋಮ್. ಊರಿಗೆಲ್ಲ ಮಾ ಸೋಮ್, ಸೋಮಮ್ಮ ಎಂದ ಹಾಗೆ. ಹೆತ್ತ ಮಕ್ಕಳಿರಲಿಲ್ಲ, ಆದರೂ ಎಲ್ಲರಿಗೂ ಅಮ್ಮ. ಬೆಳಗಿನ ಹೊತ್ತು ದೋಣಿ ಕಟ್ಟೆಯ ಹತ್ತಿರ ಕೂತು ಅನ್ನ ಮಾರುತ್ತಿದ್ದಳು. ಶಂಖಪುಷ್ಪ ಹಾಕಿ ಬೇಯಿಸಿ, ಸೊಪ್ಪು ಕೊಚ್ಚಿ ಬೆರೆಸಿದ ನೀಲಿ ಅನ್ನ, ಮೇಲೆ ಸುಟ್ಟ ಮೀನು, ಪಕ್ಕದಲ್ಲಿ ಬುಡು, ಅದೇ ನಮ್ಮ ಕಡೆಯ ಮೀನಿನ ಗೊಜ್ಜು. ಅವಳ ಕೈಯ ಬುಡು ತಿಂದವರು ಬೇರೆ ಕಡೆ ಉಂಡು ಏಳುವಾಗ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಅದಿರಲಿ, ಅನ್ನದ ಸುದ್ದಿ ಹಿಡಿದರೆ ಕಠಾರಿಯ ಸುದ್ದಿ ಹಿಂದೆ ಬೀಳುತ್ತದೆ.

ಗಂಡ ಪೊಕ್ ಸುಲೋಂಗ್ ಕಠಾರಿಯ ಒರೆ ಮಾಡುವವನು. ಅಲಗು ಮಾಡುವ ಕಮ್ಮಾರರು ಬೇರೆ ಕಡೆಯವರು. ಇವನದು ಮರದ ಕೆಲಸ. ಹಳದಿ ಗೀರು ಹರಿದ ಕಮೂನಿಂಗ್ ಮರವನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಅದರಲ್ಲಿ ಒರೆ ಕಡೆದು, ಮಿಂಚುಳ್ಳಿ ಹಕ್ಕಿಯ ಮೂತಿಯಂಥ ಹಿಡಿ ಕೆತ್ತಿ ಕೊಡುತ್ತಿದ್ದ. "ಕಬ್ಬಿಣ ಹುಟ್ಟಿಸೋನು ಕಮ್ಮಾರ, ಬಟ್ಟೆ ಹೊಲಿಯೋನು ನಾನು," ಎನ್ನುತ್ತಿದ್ದ. ಒಂದು ಅಲಗಿಗೆ ಮಾಡಿದ ಒರೆ ಇನ್ನೊಂದಕ್ಕೆ ಹಿಡಿಸುವುದಿಲ್ಲ. ಅಲೆಅಲೆಯಾದ ಅಲಗು, ಒಂದೊಂದರ ಬಳುಕೂ ಒಂದೊಂದು ಥರ. ಹಾಗಾಗಿ ಕಠಾರಿಗಳು ತಿಂಗಳುಗಟ್ಟಲೆ ಅವನ ಮನೆಯಲ್ಲೇ ಇರಬೇಕಿತ್ತು. ಹಾಗೆ ಇದ್ದವುಗಳನ್ನು ತೊಳೆಯುವುದು ಹೆಂಡತಿಯ ಪಾಲಿಗೆ ಬಂತು. ಮದುವೆಯಾಗಿ ಬಂದ ಮೊದಲ ವರ್ಷ ಗಂಡನಿಗೆ ಕೈ ಊದಿತ್ತು, ಇವಳು ತೊಳೆದುಕೊಟ್ಟಳು. ಆಮೇಲೆ ಗಂಡನ ಕೈ ವಾಸಿಯಾಯಿತು, ಕೆಲಸ ಮಾತ್ರ ಇವಳ ಹತ್ತಿರವೇ ಉಳಿಯಿತು. ಹೆಂಗಸರ ಬದುಕಿನಲ್ಲಿ ಎಷ್ಟೋ ಕೆಲಸಗಳು ಹೀಗೇ ಬಂದು ಕೂರುತ್ತವೆ.

ನಮ್ಮಲ್ಲಿ ಕೆರಿಸ್ ಎಂದರೆ ಅಡುಗೆಮನೆಯ ಚೂರಿಯಲ್ಲ. ಮನೆಯಲ್ಲಿ ಒಬ್ಬ ಹಿರಿಯ ಇದ್ದ ಹಾಗೆ. ಅದನ್ನು ದಾಟಬಾರದು, ಅದರ ತುದಿಯನ್ನು ಯಾರ ಕಡೆಗೂ ತೋರಿಸಬಾರದು. ಮದುಮಗ ಸೊಂಟಕ್ಕೆ ಸಿಕ್ಕಿಸಿಕೊಂಡರೇ ಆ ದಿನದ ಮಟ್ಟಿಗೆ ಅವನು ರಾಜ. ಅಪ್ಪ ಸತ್ತರೆ ಗದ್ದೆ ಪಾಲಾಗಬಹುದು, ಕಠಾರಿ ಒಬ್ಬನಿಗೇ. ಬಂದ ಮೇಲೆ ಅದು ಅವನಿಗೆ ಒಗ್ಗಬೇಕು. ಒಗ್ಗದಿದ್ದರೆ ಮನೆಯಲ್ಲಿ ಕಾಯಿಲೆ, ಜಗಳ, ಕೆಟ್ಟ ಕನಸು. ಕಠಾರಿ ಬಿಸಿಯಾಗಿದೆ ಎನ್ನುತ್ತಾರೆ. ಬಿಸಿಯಾದದ್ದನ್ನು ಮಾರುವ ಹಾಗಿಲ್ಲ, ಹೊಳೆಗೆ ಎಸೆಯುವ ಹಾಗಿಲ್ಲ. ತಾಳಿಕೊಳ್ಳುವವರ ಮನೆಯಲ್ಲಿ ಇಡಬೇಕು. ಊರಿಗೆಲ್ಲ ತಾಳಿಕೊಳ್ಳುವ ಮನೆ ಒಂದೇ, ಪೊಕ್ ಸುಲೋಂಗ್‌ನದು.

ಅವನು ತೀರಿಕೊಂಡ ಮೇಲೂ ಜನ ತರುವುದನ್ನು ಬಿಡಲಿಲ್ಲ. ಅವಳ ಒಳಕೋಣೆಯ ಗೋಡೆ ತುಂಬ ಕಠಾರಿಗಳು. ಹಾಸಿಗೆ ಬಿಚ್ಚಬೇಕಾದರೂ ಅವುಗಳಿಗೆ ಕಾಲು ತಾಗದ ದಿಕ್ಕು ಹುಡುಕಬೇಕು. ಪ್ರತಿ ಮೊಹರಂಗೂ ಒಬ್ಬಳೇ ಕೂತು ಎಲ್ಲವನ್ನೂ ಎಳನೀರಲ್ಲಿ ನೆನೆಸಿ, ನಿಂಬೆಹೋಳಿನಿಂದ ತಿಕ್ಕಿ, ಒಣಗಿಸಿ, ಗಂಧದೆಣ್ಣೆ ಸವರಿ, ಹೊಗೆ ಹಿಡಿದು ಒರೆಗೆ ಸೇರಿಸಬೇಕು. ನಿಂಬೆಹುಳಿ ಅವಳ ಬೆರಳುಗಳ ಗೀರುಗಳಿಗೆಲ್ಲ ಇಳಿದು, ವರ್ಷವಿಡೀ ಕೈ ಉರಿಯುತ್ತಿತ್ತು. "ನಂಗೇನಮ್ಮ, ಸತ್ತ ಗಂಡಸರ ಸಂಸಾರ ನಡೆಸ್ತಾ ಇದೀನಿ," ಎಂದು ನಗುತ್ತಿದ್ದಳು. ನಕ್ಕರೂ ಕಣ್ಣ ಕೆಳಗೆ ಕಪ್ಪು ಹಾಗೇ ಇರುತ್ತಿತ್ತು.

ಆ ವರ್ಷ ಅವಳಿಗೂ ಅವಳ ತಮ್ಮ ಸೆಮನ್‌ಗೂ ಹಜ್ ಯಾತ್ರೆಯ ಸರದಿ ಬಂತು. ಅನ್ನ ಮಾರಿ ಮಾರಿ ಕೂಡಿಟ್ಟು ಕಾದ ಸರದಿ. ಸುದ್ದಿ ಕೇಳಿದ ದಿನ ಅವಳು ಕುಣಿಯಲಿಲ್ಲ, ಅಳಲಿಲ್ಲ. ಮೆಟ್ಟಿಲ ಮೇಲೆ ಕೂತು ಕಾಲು ಒತ್ತಿಕೊಂಡಳು. ಹೊರಡುವವರಿಗೆ ಬುದ್ಧಿ ಹೇಳುವುದಕ್ಕೆ ಇಮಾಮರು ಬಂದರು.

"ಸಾಲ ತೀರಿಸಿ, ಜಗಳ ಇದ್ರೆ ಕ್ಷಮೆ ಕೇಳ್ಕೊಳ್ಳಿ. ಬೇರೆಯವರು ನಂಬಿ ಇಟ್ಟಿದ್ದು ನಿಮ್ಮ ಹತ್ರ ಒಂದು ಸೂಜಿ ಇದ್ರೂ ವಾಪಸ್ ಕೊಟ್ಟುಬಿಡಿ, ಮಾ ಸೋಮ್. ಕೈ ಖಾಲಿ ಮಾಡ್ಕೊಂಡು ಹೊರಡಬೇಕು."

"ಸೂಜಿ ಆಗಿದ್ರೆ ಸೆರಗಿಗೆ ಚುಚ್ಕೊಂಡು ಹೋಗಿ ಕೊಟ್ಟು ಬರ್ತಿದ್ದೆ ಇಮಾಮರೆ," ಎಂದಳು. "ಒಳಗೆ ಬಂದು ಗೋಡೆ ನೋಡಿ."

ಇಮಾಮರು ಬಾಗಿಲಲ್ಲೇ ನಿಂತು ಇಣುಕಿದರು. ಗಡ್ಡ ಸವರಿಕೊಂಡರು. ಅವರ ಮಾವನ ಕಠಾರಿಯೂ ಅಲ್ಲೇ ನೇತಾಡುತ್ತಿತ್ತು. ಅದನ್ನು ತಾವೇ ಇಳಿಸಿಕೊಂಡು ಹೋದರು. ಅದೊಂದು ಕಡಿಮೆಯಾಯಿತು.

ಸೆಮನ್‌ಗೆ ಇದೆಲ್ಲ ರಗಳೆ. ಅಕ್ಕನ ಗೋಡೆ ನೋಡಿ, "ಪಟ್ಟಣದಲ್ಲಿ ಮ್ಯೂಸಿಯಂ ಇದೆಯಲ್ಲ ಕಾಕ್, ಒಂದು ವ್ಯಾನಿಗೆ ತುಂಬಿ ಕೊಟ್ಟುಬಿಡೋಣ. ಹೆಸರು ಬರೆದು ಗಾಜಿನೊಳಗೆ ಇಡ್ತಾರೆ," ಎಂದ. ಅಕ್ಕನಿಗೆ ನಾವು ಕಾಕ್ ಎನ್ನುವುದು.

"ನನ್ನದಾಗಿದ್ರೆ ಕೊಡ್ತಿದ್ದೆ ಕಣೋ. ನನ್ನದಲ್ಲದ್ದನ್ನ ಕೊಟ್ಟು, ಅಲ್ಲಿ ಹೋಗಿ ದೇವರ ಮುಂದೆ ಏನಂತ ನಿಲ್ಲಲಿ?"

"ಹಾಗಾದ್ರೆ ಮನೆ ಮನೆ ತಿರುಗ್ತೀಯಾ ಈ ಕಾಲಲ್ಲಿ?"

"ಇನ್ನೇನು ನಿನ್ನ ಕಾಲಲ್ಲಿ ತಿರುಗಲಾ."

ತಿರುಗಿದಳು. ಬೆಳಿಗ್ಗೆ ಅನ್ನ ಮಾರಿ, ಪಾತ್ರೆ ತೊಳೆದಿಟ್ಟು, ಒಂದಿಷ್ಟು ಕಠಾರಿಗಳನ್ನು ಬಾತಿಕ್ ಲುಂಗಿಯಲ್ಲಿ ಕೂಸಿನಂತೆ ಸುತ್ತಿ ಎದೆಗಾನಿಸಿಕೊಂಡು ಹೊರಡುತ್ತಿದ್ದಳು. ಅವಳು ಬರುವುದು ಕಂಡರೆ ಕೆಲವು ಮನೆಗಳಲ್ಲಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಮಾ ಸೋಮ್ ಮೆಟ್ಟಿಲಲ್ಲಿ ಕೂತುಬಿಡುತ್ತಿದ್ದಳು. ಕೂತವಳು ಏಳುತ್ತಿರಲಿಲ್ಲ. ಹಟಕ್ಕಲ್ಲ, ಮಂಡಿ ನೋವಿಗೆ. ಎಷ್ಟು ಹೊತ್ತು ಬಾಗಿಲು ಮುಚ್ಚಿಕೊಂಡಿರಲಾಗುತ್ತದೆ, ಕೋಳಿಗೆ ಕಾಳು ಹಾಕಲಾದರೂ ಹೊರಗೆ ಬರಬೇಕಲ್ಲ.

ವಾನ್ ಜಾ ಎಂಬವಳು ಅವಳ ಓರಗೆಯವಳು, ಜೊತೆಯಲ್ಲಿ ಕುರಾನ್ ಓದಲು ಕಲಿತವಳು. ಬಾಯಿ ಮಾತ್ರ ಗರಗಸ. ಅವಳ ಮನೆಯ ಮುಂದೆ ಕೂತಾಗ ಆದ ಮಾತನ್ನು ಕೇರಿಯೆಲ್ಲ ಕೇಳಿತು.

"ನಂಗ್ಯಾಕೆ ತಂದೆ ಇದನ್ನ? ಆ ಮುದುಕ ಬದುಕಿದ್ದಾಗ ನನ್ನ ಕಾಡಿದ್ದು ಸಾಲದಾ, ಅವನ ಕಬ್ಬಿಣ ಬೇರೆ ನನ್ನ ಗೋಡೆ ಮೇಲೆ ಕೂತು ನೋಡಬೇಕಾ?"

"ನಿನ್ನ ಗಂಡಂದು ಕಣೇ. ನಾನೇನು ಇದರ ಜೊತೆ ನಿಕಾ ಮಾಡ್ಕೊಂಡಿದೀನಾ?"

"ಇಷ್ಟು ವರ್ಷ ಇಟ್ಕೊಂಡಿದೀಯಲ್ಲ, ಸವತಿ ಲೆಕ್ಕಕ್ಕೇ ಬಂತು ಬಿಡು. ನೀನೇ ಇಟ್ಕೋ, ಬೇಕಾದ್ರೆ ತೆಂಗಿನಕಾಯಿ ಸುಲಿ."

"ಜಾ, ನಂಗೆ ಸಾಕಾಗಿದೆ," ಎಂದಳು ಮಾ ಸೋಮ್. ಅಷ್ಟೇ ಹೇಳಿದ್ದು. ಕೈ ಮುಂದೆ ಚಾಚಿದಳು. ವಾನ್ ಜಾ ಆ ಬೆರಳುಗಳನ್ನು ನೋಡಿದಳು. ಕಠಾರಿ ಎತ್ತಿಕೊಂಡಳು. ಒಳಗೆ ಹೋಗಿ ಒಂದು ಬಟ್ಟಲು ತೆಂಗಿನೆಣ್ಣೆ ಬಿಸಿ ಮಾಡಿ ತಂದು, ಬೈಯುತ್ತಲೇ ಅವಳ ಕೈಗೆ ಹಚ್ಚಿದಳು.

ಲಾರಿ ಓಡಿಸುವ ಜುಸೋ ಮಾತ್ರ ಖುಷಿಯಿಂದ ಇಸಿದುಕೊಂಡ. ಅಜ್ಜನ ಕಠಾರಿಯನ್ನು ಲಾರಿಯಲ್ಲಿ ಸ್ಟೇರಿಂಗಿನ ಮೇಲ್ಗಡೆ ಕಟ್ಟಿದ. "ಇನ್ಮೇಲೆ ಪೊಲೀಸರೇ ನಂಗೆ ಸಲಾಂ ಹೊಡೀತಾರೆ ಮಾ ಸೋಮ್," ಎಂದ. ಪೊಲೀಸರು ಮಾರನೆಯ ವಾರವೇ ಅದನ್ನು ಕೆಳಗಿಳಿಸಿ ಮನೆಯಲ್ಲಿಡು ಎಂದು ಬೈದು ಕಳಿಸಿದರಂತೆ. ಇರಲಿ, ಅವನ ಮನೆಗಾದರೂ ಹೋಯಿತಲ್ಲ.

ಹೀಗೆ ಗೋಡೆ ಖಾಲಿಯಾಗುತ್ತಾ ಬಂತು. ಕೊನೆಗೆ ಉಳಿದದ್ದು ಹೊಳೆಯಾಚೆಯ ಡೆರಾಮನ್‌ದು. ಅವನು ತಾಪೈ ಮಾಡಿ ಮಾರುವವನು, ಅಂಟಕ್ಕಿ ಅನ್ನಕ್ಕೆ ಹುದುಗುಪುಡಿ ಸೇರಿಸಿ, ರಬ್ಬರ್ ಎಲೆಯಲ್ಲಿ ಸಣ್ಣ ಸಣ್ಣದಾಗಿ ಕಟ್ಟಿ, ಸಿಹಿ ಬರುವ ತನಕ ಬಿಡುವ ತಿಂಡಿ. ಅವನನ್ನು ಮಾ ಸೋಮ್ ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ಅವನ ಅಪ್ಪ ಸತ್ತ ವರ್ಷವೇ ಅವನ ಪುಟ್ಟ ಮಗಳು ಬುಂಗಾ ಜ್ವರ ಬಂದು ತೀರಿಹೋಗಿದ್ದಳು. ಅದಾದ ಮೇಲೆ ಅವನು ಅಪ್ಪನ ಕಠಾರಿ ತಂದು ಪೊಕ್ ಸುಲೋಂಗ್‌ನ ಮುಂದೆ ಇಟ್ಟು ಹೋಗಿದ್ದ. ಮತ್ತೆ ಅದರ ಮುಖ ನೋಡಿರಲಿಲ್ಲ.

ವಿಮಾನ ಹತ್ತುವ ದಿನ ಹತ್ತಿರ ಬಂದಿತ್ತು. ಸೆಮನ್, "ಇದೊಂದನ್ನ ಬಿಡು ಕಾಕ್, ದೇವರು ದೊಡ್ಡವನು," ಎಂದ. "ಅವನು ದೊಡ್ಡವನೇ. ನಾನು ಇದೊಂದನ್ನ ಇಟ್ಕೊಂಡು ಹತ್ತೋದಿಲ್ಲ. ನೀನೊಬ್ಬನೇ ಹೋಗು," ಎಂದಳು. ಮಾತಿಗೆ ಹೇಳಿದ್ದಲ್ಲ. ಅವಳು ಕಟ್ಟಿಟ್ಟಿದ್ದ ಪೆಟ್ಟಿಗೆಯ ಹಗ್ಗವನ್ನು ಬಿಚ್ಚಿಟ್ಟಿದ್ದಳು.

ಮಧ್ಯಾಹ್ನದ ಬಿಸಿಲಲ್ಲಿ ಹೊಳೆ ದಾಟಿದಳು. ಡೆರಾಮನ್, ಎತ್ತರದ ಕಂಬಗಳ ಮೇಲೆ ಕಟ್ಟಿದ ತನ್ನ ಮನೆಯ ಕೆಳಗಿನ ನೆರಳಲ್ಲಿ ಚಾಪೆ ಹಾಸಿಕೊಂಡು ಎಲೆ ಕಟ್ಟುತ್ತಾ ಕೂತಿದ್ದ. ಪಕ್ಕದಲ್ಲಿ ಹೆಂಡತಿ ಜೆನಾಬ್ ಅನ್ನ ಆರಿಸುತ್ತಿದ್ದಳು. ಲುಂಗಿಯ ಗಂಟಿನ ಉದ್ದ ನೋಡಿದೊಡನೆ ಅವನಿಗೆ ತಿಳಿದುಹೋಯಿತು.

"ಬನ್ನಿ ಮಾ ಸೋಮ್, ಕೂತ್ಕೊಳ್ಳಿ. ನೀರು ಕುಡೀರಿ," ಎಂದ. ಎಲೆ ಕಟ್ಟುವುದನ್ನು ನಿಲ್ಲಿಸಲಿಲ್ಲ. "ನೀವು ಉಂಡಿದ್ದು, ತಿಂದಿದ್ದು, ತಿಳಿದೋ ತಿಳೀದೆಯೋ ತಪ್ಪಾಡಿದ್ದು, ಎಲ್ಲಾ ನನ್ನ ಕಡೆಯಿಂದ ಹಲಾಲ್, ಮನ್ನಾ ಅಂದ್ಕೊಳ್ಳಿ. ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ. ಸುಖವಾಗಿ ಹೋಗ್ಬನ್ನಿ. ಅದನ್ನ ಮಾತ್ರ ಇಲ್ಲಿ ಬಿಚ್ಚಬೇಡಿ."

"ಕೊಡೋಕೆ ಬಂದಿದ್ದೇ ಅದನ್ನ ಕಣಪ್ಪ. ನಂದು ಆಯ್ತು ಇನ್ನು."

"ಅದು ನಮಗೆ ಒಗ್ಗಲ್ಲ. ಅದನ್ನ ಹೇಳಿದ್ದೂ ನಿಮ್ಮನೆಯವರೇ. ಹೆಬ್ಬೆರಳಿಟ್ಟು ಅಳೆದು ಹೇಳಿದ್ರು. ಕೊನೆಗೆ ಸಾವು ಬಂತು."

ಹೌದು, ಹಾಗೊಂದು ಅಳತೆ ಉಂಟು. ಹಿಡಿಯ ಬುಡದಿಂದ ತುದಿಯವರೆಗೆ ಅಲಗಿನ ಮೇಲೆ ಒಂದರ ಮುಂದೊಂದು ಹೆಬ್ಬೆರಳು ಇಟ್ಟುಕೊಂಡು ಹೋಗುವುದು. ಒಂದೊಂದು ಹೆಬ್ಬೆರಳಿಗೂ ಒಂದೊಂದು ಮಾತು: ಸಿರಿ, ಗದ್ದುಗೆ, ಬದುಕು, ರೋಗ, ಸಾವು. ಮುಗಿದರೆ ಮತ್ತೆ ಸಿರಿಯಿಂದ. ತುದಿಯಲ್ಲಿ ಯಾವ ಮಾತು ಬೀಳುತ್ತದೋ ಅದು ಆ ಒಡೆಯನಿಗೆ.

ಮಾ ಸೋಮ್ ಕಣ್ಣು ಮುಚ್ಚಿದಳು. ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ನೆನಪಿದ್ದರೂ ಅದರ ಒಂದು ಮೂಲೆಯನ್ನು ಅವಳು ಇಲ್ಲಿಯವರೆಗೆ ದಿಟ್ಟಿಸಿ ನೋಡಿರಲಿಲ್ಲ.

"ಡೆರಾಮನ್, ಆವತ್ತು ನಿನ್ನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತಲ್ವಾ. ಮಚ್ಚು ತಾಗಿಸ್ಕೊಂಡಿದ್ದೆ."

"ಮಗೂನ ಗೋರಿಗೆ ಹಾಕೋ ಹಲಗೆ ಕಡಿವಾಗ ತಾಗಿದ್ದು."

"ಹಾಗಾಗಿ ನಮ್ಮವರು ತಮ್ಮ ಹೆಬ್ಬೆರಳಲ್ಲೇ ಅಳೆದುಬಿಟ್ರು. ನೀನು ಅಳ್ತಾ ಕೂತಿದ್ದೆ, ಬೇಗ ಮುಗಿಸೋಣ ಅಂತ. ಉಳಿ ಹಿಡಿದೂ ಹಿಡಿದೂ ಅವರ ಹೆಬ್ಬೆರಳು ಚಪ್ಪಟೆಯಾಗಿತ್ತು, ಸುತ್ತಿಗೆ ಏಟು ತಿಂದ ಮೊಳೆ ತಲೆ ಥರ. ಆ ಅಳತೆ ನಿಂದಲ್ಲ. ಒಡೆಯನ ಬೆರಳಲ್ಲಿ ಅಳೀಬೇಕು ಅಂತ ಅವರಿಗೆ ಗೊತ್ತಿರಲಿಲ್ವಾ, ಗೊತ್ತಿತ್ತು. ಮರೆತ್ರು. ನಾನೂ ಪಕ್ಕದಲ್ಲೇ ಇದ್ದೆ, ನಂಗೂ ಹೊಳೀಲಿಲ್ಲ."

ಡೆರಾಮನ್‌ನ ಕೈಯಲ್ಲಿದ್ದ ಎಲೆ ಹರಿಯಿತು. ಅಂಟು ಅನ್ನ ಮೆತ್ತಿದ ತನ್ನ ಹೆಬ್ಬೆರಳುಗಳನ್ನೇ ನೋಡಿಕೊಂಡ. ಆಮೇಲೆ ಅವುಗಳನ್ನು ಲುಂಗಿಗೆ ಒರೆಸಿಕೊಂಡು, "ಬಿಚ್ಚಿ ಹಾಗಾದ್ರೆ. ಈಗ ಅಳೆದು ನೋಡೋಣ. ಒಳ್ಳೇದು ಬಂದ್ರೆ ಇಟ್ಕೋತೀನಿ," ಎಂದ.

ಅವಳು ಸುಮ್ಮನೆ ಬಿಚ್ಚಿ ಕೊಟ್ಟಿದ್ದರೆ ಆಗುತ್ತಿತ್ತು. ಒಳ್ಳೆಯ ಮಾತು ಬಿದ್ದರೂ ಬೀಳುತ್ತಿತ್ತೇನೋ. ಆದರೆ ಸುಸ್ತಾದವರಿಗೆ ಸುಳ್ಳು ಹೇಳುವಷ್ಟು ಶಕ್ತಿಯೂ ಇರುವುದಿಲ್ಲ. ಒರೆಯಿಂದ ಅಲಗನ್ನು ಎಳೆದು ಅವನ ಮುಂದೆ ಅಡ್ಡ ಹಿಡಿದು ಹೇಳಿದಳು.

"ಅಳೀಬಹುದು. ಆದ್ರೆ ಅದೂ ಸುಳ್ಳೇ ಆಗತ್ತೆ. ವರ್ಷಾ ವರ್ಷಾ ನಿಂಬೆಹುಳಿ ಹಾಕಿ ತಿಕ್ಕಿದೀನಲ್ಲ, ಹುಳಿ ಕಬ್ಬಿಣಾನ ತಿನ್ನತ್ತೆ. ತುದಿ ನೋಡು, ಎಷ್ಟು ಸವೆದಿದೆ. ನೀನು ಕೊಟ್ಟಷ್ಟು ಉದ್ದ ಈಗ ಇಲ್ಲ. ನಿನ್ನ ಬೆರಳೂ ಆಗಿನದಲ್ಲ, ಊದಿಕೊಂಡಿದೆ. ಸವೆದಿದ್ದಕ್ಕೂ ನೀನು ನಂಗೆ ಹಲಾಲ್ ಹೇಳಬೇಕು. ಇನ್ನು ಇದನ್ನ ಅಳೆದು ಹೇಳೋರು ಯಾರೂ ಇಲ್ಲ. ಇಟ್ಕೋತೀನಿ ಅಂದ್ರೆ ಇಟ್ಕೋ, ಇಲ್ಲ ಅಂದ್ರೆ ನಾನು ಹೊತ್ಕೊಂಡು ವಾಪಸ್ ಹೋಗ್ತೀನಿ. ಹಜ್ ಇನ್ಯಾವಾಗಾದ್ರೂ ನೋಡೋಣ."

ಡೆರಾಮನ್ ಹಿಂದಕ್ಕೆ ಸರಿದ. "ಬೇಡ ಮಾ ಸೋಮ್," ಎಂದ. "ಗೊತ್ತಿಲ್ದೆ ಮನೆಯೊಳಗೆ ಹೇಗೆ ತಗೊಳ್ಲಿ? ನನ್ನ ಮಗೂನ ತಿಂದಿದ್ದು ಅದು."

ಅದುವರೆಗೆ ಜೆನಾಬ್ ಮೊರದಲ್ಲಿದ್ದ ಅನ್ನವನ್ನು ಕೈಯಿಂದ ಹರಡುತ್ತಲೇ ಇದ್ದಳು. ಈಗ ಮೊರವನ್ನು ಪಕ್ಕಕ್ಕಿಟ್ಟಳು.

"ಮಗು ಹೋಗಿದ್ದು ಹೊಳೆಯಿಂದ," ಎಂದಳು. "ಮಳೆಗಾಲ, ಹೊಳೆ ಮೆಟ್ಟಿಲ ತನಕ ಬಂದಿತ್ತು, ದೋಣಿಯವರು ಯಾರೂ ಇಳೀಲಿಲ್ಲ. ಆಚೆ ದಡದಲ್ಲಿ ಆಸ್ಪತ್ರೆ ದೀಪ ಕಾಣ್ತಿತ್ತು, ನೀವೂ ನೋಡಿದೀರಿ. ನೀವು ಕಬ್ಬಿಣದ ಮೇಲೆ ಸಿಟ್ಟು ಮಾಡ್ಕೊಂಡ್ರಿ. ಹೊಳೆ ಮೇಲೆ ಮಾಡ್ಕೊಳ್ಳಕ್ಕಾಗಲ್ಲ, ದಿನಾ ದಾಟಬೇಕಲ್ಲ. ಹಿಂದಿನ ದಿನಾನೇ ಕರ್ಕೊಂಡು ಹೋಗೋಣ ಅಂತ ನೀವಂದ್ರಿ, ಜ್ವರ ಬೆಳಿಗ್ಗೆ ಬಿಡತ್ತೆ ಅಂದೋಳು ನಾನು. ನೀವು ನನ್ನ ಮೇಲೆ ಸಿಟ್ಟಾಗಿದ್ರೆ ನಾನೆಲ್ಲಿಗೆ ಹೋಗಬೇಕಿತ್ತು? ಅದಕ್ಕೇ ಕಠಾರಿ ಹೋಗ್ಲಿ ಅಂತ ಸುಮ್ನಿದ್ದೆ. ನಿಮ್ಮಪ್ಪನ ವಸ್ತು ಅದು, ಬೇರೆಯವರ ಗೋಡೆ ಮೇಲೆ ಬೈಸಿಕೊಂಡು ಕೂತಿದೆ."

ಡೆರಾಮನ್ ಹೆಂಡತಿಯ ಮುಖವನ್ನೇ ನೋಡಿದ. ಜೆನಾಬ್ ನೋಡಲಿಲ್ಲ. ಎದ್ದು, ಕೈ ತೊಳೆದು, ತಲೆಯ ಬಟ್ಟೆ ಸರಿಮಾಡಿಕೊಂಡು ಬಂದು ಮಾ ಸೋಮ್‌ಳ ಮುಂದೆ ಮಂಡಿಯೂರಿದಳು. ಎರಡೂ ಕೈ ಚಾಚಿದಳು. ಗಂಡ ಎದುರಿಗೇ ಇರುವಾಗ ಹೆಂಗಸು ಕಠಾರಿ ಇಸಿದುಕೊಳ್ಳುವುದನ್ನು ನಮ್ಮ ಕಡೆ ಹೆಚ್ಚು ಕಂಡವರಿಲ್ಲ. ಮಾ ಸೋಮ್ ಡೆರಾಮನ್ ಕಡೆ ನೋಡಿದಳು, ಬೇಡವೆನ್ನುತ್ತಾನೇನೋ ಎಂದು. ಅವನು ತಲೆ ತಗ್ಗಿಸಿದ್ದ. ಬೇಡವೆನ್ನಲಿಲ್ಲ.

ಕಠಾರಿ ಜೆನಾಬ್‌ಳ ಕೈ ಸೇರಿತು. ಅವಳು ಅದನ್ನು ಹಣೆಗೆ ಮುಟ್ಟಿಸಿ, ಮೆಟ್ಟಿಲು ಹತ್ತಿ ಮೇಲೆ ಹೋದಳು. ಮೇಲಿನ ಹಲಗೆ ನೆಲದಲ್ಲಿ ಅವಳ ಹೆಜ್ಜೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದದ್ದು, ನಿಂತದ್ದು, ಗೋಡೆಗೆ ಮೊಳೆ ಬಡಿದದ್ದು ಕೆಳಗೆ ಕೇಳಿಸಿತು. ಡೆರಾಮನ್ ಆ ಸದ್ದು ನಿಲ್ಲುವವರೆಗೂ ತಲೆ ಎತ್ತಲಿಲ್ಲ.

"ಸವೆದಿದ್ದು ಹಲಾಲ್, ಮಾ ಸೋಮ್," ಎಂದ ಕೊನೆಗೆ. "ನಿಮ್ಮನೆಯವರು ಅಳೆದಿದ್ದೂ ಹಲಾಲ್." ಮೆಟ್ಟಿಲ ಕಡೆ ಕಣ್ಣು ಹೊರಳಿಸಿ, "ಅವಳಿಗೆ ನಾನು ಏನು ಹೇಳ್ಲಿ?" ಎಂದು ಕೇಳಿದ.

"ಮೇಲೆ ಹೋಗು. ಹೇಳೋದು ತಾನಾಗೇ ಬರತ್ತೆ. ಬರದಿದ್ರೆ ಸುಮ್ನೆ ಪಕ್ಕದಲ್ಲಿ ಕೂತ್ಕೋ."

ಅವನು ಮೇಲೆ ಹೋದ. ಮಾ ಸೋಮ್ ಏಳಬೇಕೆಂದು ಕಂಬಕ್ಕೆ ಕೈಯಿಟ್ಟಳು. ಕಾಲು ಏಳಲಿಲ್ಲ. ಮೈಯಲ್ಲಿ ಇಷ್ಟು ದಿನ ಹಿಡಿದಿಟ್ಟ ದಣಿವೆಲ್ಲ ಒಟ್ಟಿಗೆ ಇಳಿದು ಬಂದಂತಾಯಿತು. ಸಂತೋಷ ಎಂದರೆ ಹೀಗಿರುತ್ತದೆಯೋ ಏನೋ, ಅವಳಿಗೆ ಗೊತ್ತಾಗಲಿಲ್ಲ. ಅಲ್ಲೇ, ತಾಪೈ ಕಟ್ಟುಗಳ ನಡುವೆ, ಖಾಲಿ ಲುಂಗಿಯನ್ನು ತಲೆಯ ಕೆಳಗೆ ಮಡಚಿಟ್ಟುಕೊಂಡು ಒರಗಿದಳು. ಯಾವ ದಿಕ್ಕಿಗೆ ಬೇಕಾದರೂ ಕಾಲು ಚಾಚಬಹುದಿತ್ತು. ಚಾಚಿದಳು.

ಸಂಜೆಯ ನಮಾಜಿನ ಕೂಗಿಗೆ ಗಂಡ ಹೆಂಡತಿ ಕೆಳಗಿಳಿದಾಗ ಇಬ್ಬರ ಕಣ್ಣೂ ಕೆಂಪಗಿದ್ದವು. ಮಾ ಸೋಮ್ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು. ಎಬ್ಬಿಸಲು ಹೋದ ಗಂಡನನ್ನು ಜೆನಾಬ್ ತಡೆದಳು.

"ಮಲಗಲಿ ಬಿಡಿ. ದೋಣಿ ಇನ್ನೂ ಇದೆ."